ಹಾಲ್‌ನ ಚಿಮಣಿ ಒಲೆ ಮತ್ತು ನಮ್ಮ ಮೂರು ಮಳೆಗಾಲ

ಮೂಡಿಗೆರೆ ಕಡೆ ಜುಲೈ ಮಳೆ ಹಿಡಿಯಿತೆಂದರೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಡಬ್ಬಿಯ ಉಪ್ಪು ನೀರಾಗುತ್ತದೆ. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. 2021ರಲ್ಲಿ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ನಮ್ಮವರ ಊರಿನ ತೋಟದ ಮನೆಗೆ ಬಂದಾಗ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಹಾಲ್‌ನಲ್ಲಿದ್ದ ಫೈರ್‌ಪ್ಲೇಸ್. ಮಾವನವರ ತಂದೆ ಕಟ್ಟಿಸಿದ ಮನೆ ಅದು. ಸುತ್ತಲಿನ ಎಸ್ಟೇಟ್‌ಗಳಲ್ಲಿ ದೊರೆಗಳ ಬಂಗಲೆ ನೋಡಿ, ನಮ್ಮಲ್ಲೂ ಒಂದಿರಲಿ ಅಂತ ಇಟ್ಟಿಗೆ, ಗಾರೆಯಲ್ಲಿ ಮಾಡಿಸಿದ್ದರಂತೆ. ಅತ್ತೆಯವರು ಅದನ್ನು ಚಿಮಣಿ ಒಲೆ ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಯಾರೂ ಅದರಲ್ಲಿ ಬೆಂಕಿ ಹಾಕಿರಲಿಲ್ಲ. ಅದರ ಮುಂದೆ ಟೀಪಾಯಿ, ಮೇಲಿನ ಕಟ್ಟೆಯಲ್ಲಿ ಹಳೇ ಫೋಟೋಗಳು.

ಬಂದವರೇ ಮನೆ ರಿಪೇರಿ ಮಾಡಿಸಿದೆವು. ಮರದ ಕಿಟಕಿಗಳಿಗೆ ಗೆದ್ದಲು ಹಿಡಿದಿತ್ತು. ಅವನ್ನು ತೆಗೆಸಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿದೆವು. ಹೆಂಚಿನ ಕೆಳಗೆ ಜಿಪ್ಸಂ ಸೀಲಿಂಗ್ ಬಂತು. ಅಡುಗೆಮನೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್. ಮನೆ ಬೆಚ್ಚಗಾಯಿತು, ಇಲಿ ಕಾಟ ತಪ್ಪಿತು. ಈ ಮೂರು ಕೆಲಸಕ್ಕೂ ಚಿಮಣಿಗೂ ಸಂಬಂಧ ಇದೆ ಅಂತ ನಮಗೆ ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಇದನ್ನು ಬರೆಯುತ್ತಿರುವುದೇ ಆ ಕಾರಣಕ್ಕೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಹಳೇ ಮನೆ ಸರಿ ಮಾಡಿಸಿ ಇರಲು ಬರುವವರು, ಹೋಂಸ್ಟೇ ಮಾಡುವವರು ಈಗ ಜಾಸ್ತಿ. ಅಂಥ ಮನೆಯಲ್ಲಿ ಒಂದು ಫೈರ್‌ಪ್ಲೇಸ್ ಇದ್ದರೆ ಹಚ್ಚದೆ ಬಿಡುವವರು ಯಾರು?

ನಾವು ಮೊದಲ ಸಲ ಹಚ್ಚಿದ್ದು ಜುಲೈ ಎರಡನೇ ವಾರ. ಕೊಟ್ಟಿಗೆಯಲ್ಲಿದ್ದ ಸಿಲ್ವರ್ ಓಕ್ ಮರದ ತುಂಡು ತಂದು ಜೋಡಿಸಿ, ಪೇಪರ್ ಇಟ್ಟು ಬೆಂಕಿ ಕೊಟ್ಟೆವು. ಹತ್ತು ನಿಮಿಷಕ್ಕೆ ಹಾಲ್ ತುಂಬ ಹೊಗೆ. ಕಣ್ಣು ಬಿಡಲಾಗಲಿಲ್ಲ. ಅತ್ತೆಯವರು ಮೂಗಿಗೆ ಸೆರಗು ಹಿಡಿದು ಹೋಗಿ ಮುಂಬಾಗಿಲು ತೆಗೆದರು. ಬಾಗಿಲು ತೆಗೆದದ್ದೇ ತಡ, ಕೋಣೆಗೆ ಬರುತ್ತಿದ್ದ ಹೊಗೆ ತಿರುಗಿ ಚಿಮಣಿಯೊಳಗೆ ಏರಿತು. ಬಾಗಿಲು ಹಾಕಿದರೆ ಮತ್ತೆ ಒಳಗೆ. ಮಾರನೇ ದಿನವೂ ಇದೇ ಕಥೆ. ಮೂರನೇ ದಿನ ಮೇಸ್ತ್ರಿಗೆ ಹೇಳಿ ಕಳಿಸಿದೆವು.

ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ವಯಸ್ಸಿನಲ್ಲಿ ಅವರು ಊರೂರು ಸುತ್ತಿ ಅಸ್ತ್ರ ಒಲೆ ಕಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಸೌದೆ ಒಲೆ ಅದು. ಕಡಿಮೆ ಸೌದೆ, ಹೊಗೆ ಹೊರಗೆ ಹೋಗಲು ಚಿಮಣಿ. ಒಂದು ಕಾಲದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಮನೆಗಳಲ್ಲಿ ಇತ್ತು. ಹೊಗೆಯ ಗುಣ ಬಲ್ಲವರು ಅಂದರೆ ಇಂಥವರೇ.

ಅವರು ಬಂದವರು ಚಿಮಣಿ ಕಡೆ ತಿರುಗಿಯೂ ನೋಡಲಿಲ್ಲ. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, “ಅಮ್ಮಾ, ಒಂದು ಊದುಬತ್ತಿ ಹಚ್ಚಿ ಕೊಡಿ” ಅಂದರು. ಅದನ್ನು ಗೂಡಿನ ಬಾಯಿಯ ಮೇಲಂಚಿಗೆ ಹಿಡಿದರು. ಎಳೆಯಾಗಿ ಏಳುತ್ತಿದ್ದ ಹೊಗೆ ಬಗ್ಗಿ ನಮ್ಮ ಮುಖದ ಕಡೆಗೇ ಬಂತು.

“ಒಳಗೆ ಯಾವ್ದಾದ್ರೂ ಫ್ಯಾನ್ ಓಡ್ತಾ ಇದ್ಯಾ?”

ಅಡುಗೆಮನೆಯ ಎಕ್ಸಾಸ್ಟ್ ಓಡುತ್ತಿತ್ತು. ಆರಿಸಿ ಬಂದೆ. ಹೊಗೆ ನೆಟ್ಟಗೆ ನಿಂತಿತು. ಕಿಟಕಿ ಎರಡು ಬೆರಳಿನಷ್ಟು ಸರಿಸಲು ಹೇಳಿದರು. ಸರಿಸಿದೆ. ಹೊಗೆಯ ಎಳೆ ಮೆಲ್ಲಗೆ ಅತ್ತ ವಾಲಿ, ಗೂಡಿನೊಳಗೆ ನುಸುಳಿ ಮೇಲೆ ಹೋಯಿತು.

“ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರುತ್ತಾ ಅಮ್ಮಾ? ಇನ್ನೊಂದು ತೂತು ಬೇಕಲ್ವಾ. ನೀವು ಮನೆಯ ತೂತೆಲ್ಲ ಮುಚ್ಚಿಬಿಟ್ಟಿದ್ದೀರಿ.”

ವಿಷಯ ಇಷ್ಟೇ. ಚಿಮಣಿಯಲ್ಲಿ ಹೊಗೆ ಮೇಲೆ ಹೋಗಬೇಕಾದರೆ ಅಷ್ಟೇ ಗಾಳಿ ಮನೆಯೊಳಗೆ ಬರಬೇಕು. ಹಿಂದೆ ಹೆಂಚಿನ ಸಂದಿಯಿಂದ, ಮರದ ಕಿಟಕಿಯ ಬಿರುಕಿನಿಂದ ಅದು ತಾನಾಗಿ ಬರುತ್ತಿತ್ತು. ನಾವು ಆ ದಾರಿ ಮುಚ್ಚಿದೆವು. ಮೇಲಿಂದ ಎಕ್ಸಾಸ್ಟ್ ಫ್ಯಾನ್ ಒಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತಿತ್ತು. ಗಾಳಿ ಬರಲು ಉಳಿದಿದ್ದ ದೊಡ್ಡ ದಾರಿ ಚಿಮಣಿ ಒಂದೇ. ಹಾಗಾಗಿ ಹೊರಗಿನ ಗಾಳಿ ಚಿಮಣಿಯಿಂದಲೇ ಕೆಳಗಿಳಿದು, ಹೊಗೆಯನ್ನೂ ಜೊತೆಗೆ ತಳ್ಳಿಕೊಂಡು ಬರುತ್ತಿತ್ತು. ಊದುಬತ್ತಿಯ ಈ ಪರೀಕ್ಷೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಒಂದು ರೂಪಾಯಿ ಖರ್ಚು, ಅರ್ಧ ನಿಮಿಷದ ಕೆಲಸ.

ಆಮೇಲೆ ಟಾರ್ಚು, ಒಂದು ಕೈಗನ್ನಡಿ ತರಿಸಿ ಒಳಗೆ ನೋಡಿದರು. ನೋಡಿ ಕನ್ನಡಿ ಕೆಳಗಿಟ್ಟರು. “ಇದನ್ನ ಕ್ಲೀನ್ ಮಾಡೋವರೆಗೂ ಬೆಂಕಿ ಹಾಕ್ಬೇಡಿ. ಈ ಮಳೇಲಿ ಹೆಂಚು ಹತ್ತೋಕಾಗಲ್ಲ. ಮಳೆ ಬಿಡ್ಲಿ.” ಆ ಮಳೆಗಾಲ ನಾವು ಸ್ವೆಟರ್ ಹಾಕಿಕೊಂಡೇ ಕಳೆದೆವು.

ನವೆಂಬರ್‌ನಲ್ಲಿ ಕೆಲಸ ಶುರುವಾಯಿತು. ನಮ್ಮ ಕಡೆ ಚಿಮಣಿ ತೊಳೆಯುವುದನ್ನೇ ಕಸುಬು ಮಾಡಿಕೊಂಡವರು ಸಿಗುವುದಿಲ್ಲ. ಮೇಸ್ತ್ರಿ ಚಿಮಣಿಯ ಒಳಅಳತೆ ತೆಗೆದುಕೊಂಡು ಹೋಗಿ, ವೆಲ್ಡಿಂಗ್ ಅಂಗಡಿಯಲ್ಲಿ ಚೌಕದ ಉಕ್ಕಿನ ಬ್ರಷ್ ಮಾಡಿಸಿ ತಂದರು. ಬ್ರಷ್‌ಗೆ ಮೇಲೊಂದು ಹಗ್ಗ, ಕೆಳಗೊಂದು ಹಗ್ಗ. ಹೆಂಚಿನ ಮೇಲೆ ಅವರ ಮೊಮ್ಮಗ, ಕೆಳಗೆ ಅವರು. ಬಾವಿಯಲ್ಲಿ ಕೊಡ ಇಳಿಸಿ ಎತ್ತಿದ ಹಾಗೆ ಮೇಲೆ ಕೆಳಗೆ ಎಳೆದರು. ಗೂಡಿನ ಬಾಯಿಗೆ ಒದ್ದೆ ಗೋಣಿತಾಟು ಕಟ್ಟಿದ್ದೆವು. ಮೇಸ್ತ್ರಿಗೆ ಮಾಸ್ಕ್ ಹಾಕಿಕೊಳ್ಳಲು ಮನಸ್ಸಿರಲಿಲ್ಲ. ನಾನು ಬಿಡಲಿಲ್ಲ. ಚಿಮಣಿ ಮಸಿಯಿಂದ ಕ್ಯಾನ್ಸರ್ ಬರುತ್ತದೆ ಅಂತ ಇಂಗ್ಲೆಂಡಿನ ಡಾಕ್ಟರ್ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದಾರೆ. ಚಿಮಣಿ ಗುಡಿಸುವ ಕೆಲಸಕ್ಕೆ ಹಾಕಿದ್ದ ಹುಡುಗರು ದೊಡ್ಡವರಾದ ಮೇಲೆ ಆ ರೋಗಕ್ಕೆ ಬಲಿಯಾಗುತ್ತಿದ್ದರು. ಅದನ್ನು ಹೇಳಿದ ಮೇಲೆ ತಾತ, ಮೊಮ್ಮಗ ಇಬ್ಬರೂ ಮಾಸ್ಕ್ ಕಟ್ಟಿದರು.

ಗೋಣಿತಾಟು ಬಿಚ್ಚಿದಾಗ ಮೂರು ಬಕೆಟ್ ತುಂಬುವಷ್ಟು ಬಿದ್ದಿತ್ತು. ಒಣಗಿದ ಕಡ್ಡಿಗಳು, ತರಗು. ಯಾವ ಕಾಲದಲ್ಲೋ ತುಡುವೆ ಜೇನು ಕಟ್ಟಿ ಬಿಟ್ಟುಹೋಗಿದ್ದ ಎರಿಗಳು, ಕೈಯಲ್ಲಿ ಹಿಡಿದರೆ ಪುಡಿಯಾಗುವಂಥವು. ಉಳಿದದ್ದೆಲ್ಲ ಮಸಿ. ಅದರಲ್ಲೂ ಮೂರು ಥರ. ಒಂದು ಕೈಗಂಟುವ ಹುಡಿ. ಇನ್ನೊಂದು ಹಪ್ಪಳದ ಹಾಗೆ ಚಕ್ಕೆ ಏಳುವಂಥದ್ದು. ಮೂರನೆಯದು ಬ್ರಷ್‌ಗೆ ಬಗ್ಗಲಿಲ್ಲ, ಡಾಂಬರಿನ ಹಾಗೆ ಹೊಳೆಯುತ್ತ ಇಟ್ಟಿಗೆಗೆ ಕಚ್ಚಿಕೊಂಡಿತ್ತು. ಮೇಸ್ತ್ರಿ ಉಳಿಯಲ್ಲಿ ಅದರ ಒಂದು ಚೂರು ಎಬ್ಬಿಸಿ, ಅಂಗಳದಲ್ಲಿ ಉರಿಯುತ್ತಿದ್ದ ಕಸದ ಬೆಂಕಿಗೆ ಎಸೆದರು. ಚೂರು ಚುರ್‌ಗುಟ್ಟಿತು, ಉಬ್ಬಿತು, ಆಮೇಲೆ ಮೊಳದುದ್ದ ಉರಿ ಎದ್ದಿತು. ಹೆಬ್ಬೆರಳಿನ ಉಗುರಿನಷ್ಟು ಚೂರು ಅದು.

“ಇಂಥದ್ದು ನಿಮ್ಮ ಚಿಮಣೀಲಿ ಆಳುದ್ದ ಇದೆ.”

ಹಸಿ ಸೌದೆಯನ್ನು ಸಣ್ಣ ಉರಿಯಲ್ಲಿ ಹೊಗೆಯಾಡಿಸಿದರೆ, ಆ ಹೊಗೆ ತಣ್ಣಗಿನ ಇಟ್ಟಿಗೆಗೆ ತಾಗಿ ಅಂಟಾಗಿ ಇಳಿಯುತ್ತದೆ. ವರ್ಷಗಟ್ಟಲೆ ಇಳಿದದ್ದು ಗಟ್ಟಿಯಾಗುತ್ತದೆ. ಒಂದು ದಿನ ಕಿಡಿ ತಾಗಿದರೆ ಚಿಮಣಿಗೇ ಬೆಂಕಿ. ಆಗ ರೈಲು ಬಂದ ಹಾಗೆ ಸದ್ದು ಬರುತ್ತದೆ, ಒಳಗಿನ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್‌ ದಾಟಬಹುದು, ಇಟ್ಟಿಗೆ ಸಂದಿನ ಗಾರೆ ಬಿರಿಯುತ್ತದೆ. ಹಾಗಾದರೆ ಆರಿಸಲು ನಿಲ್ಲಬಾರದು. ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಬೇಕು, ಅಷ್ಟೇ. ನಮ್ಮ ಮನೆಯಲ್ಲಿ ಇದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಅಟ್ಟದಲ್ಲಿ ಕಂಡಿತು. ಹೆಂಚು ಹೊರುವ ಮರದ ಒಂದು ಪಕಾಸಿಯ ತುದಿ ಚಿಮಣಿಯ ಇಟ್ಟಿಗೆಗೆ ತಾಗಿಕೊಂಡೇ ಇತ್ತು, ಆ ತುದಿ ಸುಟ್ಟು ಕಪ್ಪಾಗಿತ್ತು. ಮಾವನವರ ಕಾಲದಲ್ಲೇ ಆದದ್ದಿರಬೇಕು. ಅಲ್ಲಿಂದ ಮುಂದೆ ಹೋಗದೆ ನಿಂತದ್ದು ಯಾರ ಪುಣ್ಯವೋ. ಪಕಾಸಿ ಕತ್ತರಿಸಿ, ಮರಕ್ಕೂ ಇಟ್ಟಿಗೆಗೂ ನಡುವೆ ಎರಡು ಇಂಚಿಗಿಂತ ಜಾಸ್ತಿ ಜಾಗ ಬಿಡಿಸಿದೆವು. ಗಾರೆ ಉದುರಿದ ಮೂರು ಕಡೆ ಹೊಸದಾಗಿ ತುಂಬಿಸಿದೆವು. ಹೊಳೆಯುವ ಮಸಿ ಕೆರೆಯಲು ಎರಡು ದಿನ ಹಿಡಿಯಿತು.

ಚಿಮಣಿಯ ಎತ್ತರವೂ ಸಾಲದಾಗಿತ್ತು. ಹೆಂಚಿನಿಂದ ಹೊರಬಂದ ಕಡೆ ಕನಿಷ್ಠ 3 ಅಡಿ ಇರಬೇಕು. ಜೊತೆಗೆ 10 ಅಡಿಯೊಳಗೆ ಮನೆಯ ಮಾಡಿನ ನೆತ್ತಿಯೋ ಇನ್ನೇನೋ ಇದ್ದರೆ ಅದಕ್ಕಿಂತ 2 ಅಡಿ ಮೇಲಿರಬೇಕು. ಇಲ್ಲವಾದರೆ ಗಾಳಿ ಬೀಸಿದಾಗ ಹೊಗೆ ಕೆಳಗೆ ತಿರುಗುತ್ತದೆ. ನಮ್ಮದನ್ನು ಇಟ್ಟಿಗೆಯಲ್ಲಿ ಮೂರು ಅಡಿ ಏರಿಸಿ, ಮಳೆನೀರು ಬೀಳದ ಹಾಗೆ ಕಲ್ಲಿನ ಮುಚ್ಚಳ, ಸುತ್ತ ತಂತಿ ಜಾಲರಿ ಹಾಕಿಸಿದೆವು. ಜೇನು, ಹಕ್ಕಿಗೆ ಇನ್ನು ಅಲ್ಲಿ ಜಾಗವಿಲ್ಲ. ಗೂಡಿನ ಬಾಯಿ ಮಾತ್ರ ಹಳಬರು ಸರಿಯಾಗಿಯೇ ಇಟ್ಟಿದ್ದರು. ಅಗಲ 36 ಇಂಚು, ಎತ್ತರ 30. ಚಿಮಣಿಯ ಒಳಗೆ 12ಕ್ಕೆ 9. ಲೆಕ್ಕ ಹಾಕಿದರೆ 1,080ಕ್ಕೆ 108, ಅಂದರೆ ಹತ್ತರಲ್ಲಿ ಒಂದು ಪಾಲು. ಬೇಕಾದದ್ದೂ ಅಷ್ಟೇ.

ಸೌದೆ ವಿಷಯದಲ್ಲಿ ಅತ್ತೆಯವರೇ ಗುರು. ಹೊಸದಾಗಿ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಅದು 20 ಪರ್ಸೆಂಟ್‌ಗಿಂತ ಕೆಳಗಿಳಿದ ಮೇಲೆ ಒಲೆಗೆ ಬರಬೇಕು. ನಮ್ಮಲ್ಲಿ ಮರಗಸಿ, ಅಂದರೆ ತೋಟದ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿದಾಗ ಬೀಳುವ ಸಿಲ್ವರ್ ಕೊಂಬೆಯನ್ನು ಆಗಲೇ ಸೀಳಿ, ಬುಡಕ್ಕೆ ಕಲ್ಲು ಕೊಟ್ಟು, ಗಾಳಿಯಾಡುವ ಹಾಗೆ ಒಟ್ಟುತ್ತೇವೆ. ಮೇಲೆ ತಗಡು ಇರಬೇಕು, ಪಕ್ಕ ತೆರೆದಿರಬೇಕು. ಟಾರ್ಪಾಲಿನಲ್ಲಿ ಸುತ್ತಿಟ್ಟರೆ ಒಳಗೇ ಬೆವರಿ ಅಣಬೆ ಏಳುತ್ತದೆ. ಒಂದು ಬೇಸಿಗೆಯಾದರೂ ಪೂರ್ತಿ ಕಳೆಯಬೇಕು. ನಾನು ಸೌದೆಯ ತೇವ ಅಳೆಯುವ, ಎರಡು ಮುಳ್ಳಿನ ಒಂದು ಮೀಟರ್ ತರಿಸಿಕೊಂಡೆ. ತುಂಡನ್ನು ಸೀಳಿ ಒಳಮೈಗೆ ಚುಚ್ಚಿ ನೋಡಬೇಕು, ಹೊರಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಅತ್ತೆಯವರು ಎರಡು ತುಂಡು ಒಂದಕ್ಕೊಂದು ಬಡಿದು ಕೇಳುತ್ತಾರೆ. ಠಣ್ ಅಂದರೆ ಒಣಗಿದೆ, ದಬ್ ಅಂದರೆ ಹಸಿ. ಮೀಟರಿಗೂ ಅವರ ಕಿವಿಗೂ ಇಲ್ಲಿವರೆಗೆ ಜಗಳ ಬಂದಿಲ್ಲ.

ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬೊಡ್ಡೆಯಷ್ಟು ಒಳ್ಳೆ ಸೌದೆ ಬೇರೆ ಇಲ್ಲ. ಗಟ್ಟಿ, ನಿಧಾನಕ್ಕೆ ಉರಿದು ಒಳ್ಳೆ ಕೆಂಡವಾಗುತ್ತದೆ. ಹಾಲವಾಣ ಬೆಂಡಿನ ಹಾಗೆ, ಹೊಗೆ ಜಾಸ್ತಿ, ಕಾವಿಲ್ಲ. ಬಿದಿರಿನ ಗಣ್ಣು ಒಡೆಯದೆ ಹಾಕಿದರೆ ಪಟಾಕಿಯ ಹಾಗೆ ಸಿಡಿದು ಕೆಂಡ ಕೋಣೆಗೆ ಹಾರುತ್ತದೆ. ಹೊಳಗೇರನ್ನು ಮುಟ್ಟಲೂ ಬಿಡುವುದಿಲ್ಲ ಅತ್ತೆ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ, ಅದರ ಹೊಗೆಯೂ ಆಗದು. ಪೇಂಟ್ ಹೊಡೆದ ಹಲಗೆ, ಪ್ಲೈವುಡ್, ಹಾಲಿನ ಕವರ್, ಇವು ಯಾವುದೂ ಬೇಡ. ಸೀಮೆಎಣ್ಣೆಯಂತೂ ಬೇಡವೇ ಬೇಡ.

ಹಚ್ಚುವ ರೀತಿಯನ್ನೂ ಬದಲಿಸಿದೆವು. ದಪ್ಪ ತುಂಡು ಕೆಳಗೆ, ಅದರ ಮೇಲೆ ಸಣ್ಣವು, ತುದಿಗೆ ಪುಳ್ಳೆ. ಬೆಂಕಿ ಮೇಲಿಂದ ಕೆಳಗೆ ಇಳಿಯುತ್ತದೆ, ಹೊಗೆ ಕಡಿಮೆ. ಅದಕ್ಕೆ ಮುಂಚೆ ಒಂದು ಪೇಪರ್ ಸುರುಳಿ ಹಚ್ಚಿ ಚಿಮಣಿಯ ಗಂಟಲಿಗೆ ಒಂದು ನಿಮಿಷ ಹಿಡಿಯುತ್ತೇವೆ. ಒಳಗೆ ಕೂತಿರುವ ತಣ್ಣನೆ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಗೂಡಿನ ಮುಂದೆ ತಂತಿ ಪರದೆ. ಮೂರು ಅಡಿಯೊಳಗೆ ಚಾಪೆ, ಒಣಹಾಕಿದ ಬಟ್ಟೆ ಯಾವುದೂ ಇರುವುದಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ಮರಳು. ಉರಿಯುವ ಗೂಡಿಗೆ ನೀರು ಸುರಿದರೆ ಬಿಸಿ ಇಟ್ಟಿಗೆ ಬಿರಿಯುತ್ತದೆ, ಹಬೆ, ಬೂದಿ ಮುಖಕ್ಕೆ ಹಾರುತ್ತದೆ.

ಆ ಚಳಿಗಾಲ ಚೆನ್ನಾಗಿ ಕಳೆಯಿತು. ಇನ್ನು ಎಲ್ಲ ಸರಿ ಅಂದುಕೊಂಡಿದ್ದೆವು.

2022ರ ಆಗಸ್ಟ್. ಮೂರು ದಿನದಿಂದ ಬಿಡದ ಮಳೆ. ಆ ರಾತ್ರಿ ಊಟಕ್ಕೆ ತೋಟದಲ್ಲಿ ಸಿಕ್ಕಿದ ಅಣಬೆಯ ಸಾರು. ಹನ್ನೊಂದು ಗಂಟೆಗೆ ಉರಿ ಇಳಿದು ಕೆಂಡ ಮಾತ್ರ ಉಳಿದಿತ್ತು. ಹೊಗೆಯ ಸುಳಿವೂ ಇಲ್ಲ. ಮಲಗುವ ಮುಂಚೆ ನಮ್ಮವರು ಚಿಮಣಿ ಗಂಟಲಿಗೆ ಅಡ್ಡ ಬರುವ, ತೆರೆದು ಮುಚ್ಚುವ ತಗಡನ್ನು ಎಳೆದು ಮುಚ್ಚಿದರು. ಕಾವು ಸುಮ್ನೆ ಹೊರಗೆ ಯಾಕೆ ಹೋಗಬೇಕು ಅಂತ. ಎರಡು ಬೆರಳು ತೆರೆದಿರುತ್ತಿದ್ದ ಕಿಟಕಿಯನ್ನೂ ಎರಚಲು ಬರುತ್ತದೆಂದು ನಾನೇ ಹಾಕಿದೆ. ಮಳೆಗಾಲದಲ್ಲಿ ನಾವೆಲ್ಲ ಹಾಲ್‌ನಲ್ಲೇ ಹಾಸಿಗೆ ಹಾಕಿ ಮಲಗುತ್ತೇವೆ.

ಎರಡು ಗಂಟೆ ಇರಬೇಕು, ಅತ್ತೆಯವರು ಎಬ್ಬಿಸಿದರು. “ತಲೆ ಸಿಡೀತಿದೆ ಮಗಾ. ವಾಂತಿ ಬಂದ ಹಾಗಾಗ್ತಿದೆ.” ಏಳಲು ಹೋದರೆ ನನಗೂ ತಲೆ ತಿರುಗಿತು. ನಮ್ಮವರು ಗೋಡೆ ಹಿಡಿದು ಎದ್ದರು. ಎಲ್ಲರಿಗೂ ಮೊದಲು ಹೊಳೆದದ್ದು ಅಣಬೆ. ವಿಷದ ಅಣಬೆ ಸೇರಿತಾ? ಎಂಟು ವರ್ಷದ ಮಗಳನ್ನು ಅಲ್ಲಾಡಿಸಿದೆ. ಅವಳು ಕಣ್ಣು ಬಿಟ್ಟು ಮತ್ತೆ ಮುಚ್ಚಿದಳು. ಅವಳು ಅಣಬೆ ಮುಟ್ಟಿರಲಿಲ್ಲ, ಮೊಸರನ್ನ ತಿಂದು ಮಲಗಿದ್ದಳು. ಅದು ನೆನಪಾದ ಕ್ಷಣ ನನ್ನ ಕೈಕಾಲು ತಣ್ಣಗಾಯಿತು. ಅವಳನ್ನು ಎತ್ತಿಕೊಂಡು ಬಾಗಿಲು ತೆಗೆದು ಜಗಲಿಗೆ ಬಂದೆ. ನಮ್ಮವರು ಅತ್ತೆಯವರನ್ನು ಕೈಹಿಡಿದು ಕರೆತಂದರು. ಮಳೆಯ ಎರಚಲಿಗೆ ಮುಖ ಕೊಟ್ಟು ನಾಲ್ವರೂ ಕೂತೆವು.

ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿತ್ತು. ಮಗಳ ಬೆರಳಿಗೆ ಹಾಕಿದರೆ 98. ಎಲ್ಲರದ್ದೂ 97, 98. ಅದನ್ನು ನೋಡಿ ಧೈರ್ಯ ತಂದುಕೊಂಡೆವು. ಮಗಳೂ ಅರ್ಧ ಗಂಟೆಯಲ್ಲಿ ನೀರು ಕೇಳಿದಳು. ಬೆಳಗಾಗುವವರೆಗೆ ಜಗಲಿಯಲ್ಲೇ ಕಂಬಳಿ ಹೊದ್ದು ಕೂತು, ಬೆಳಿಗ್ಗೆ ಆಸ್ಪತ್ರೆಗೆ ಹೋದೆವು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, “ರಾತ್ರಿ ಮನೇಲಿ ಏನಾದ್ರೂ ಉರೀತಿತ್ತಾ?” ಕಾರ್ಬನ್ ಮೋನಾಕ್ಸೈಡ್ ಅಂದರು. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಆಮ್ಲಜನಕ ಅಂಟುವುದಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಅದಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಾಗಾಗಿ 98 ಅಂತಲೇ ತೋರಿಸುತ್ತದೆ. ನಾವು ಧೈರ್ಯ ತಂದುಕೊಂಡದ್ದು ಎಂಥ ಸುಳ್ಳು ನಂಬಿ ಅಂತ ಆಗ ತಿಳಿಯಿತು. ಒಳ್ಳೆ ಗಾಳಿಯಲ್ಲಿ ಕೂತರೂ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆ ಸಾಕು. ರಾತ್ರಿಯೇ 108ಕ್ಕೆ ಫೋನ್ ಮಾಡಬೇಕಿತ್ತು. ಮಾಡದೆ ಇದ್ದದ್ದು ನಮ್ಮ ದೊಡ್ಡ ತಪ್ಪು. ಮನೆಯಲ್ಲಿ ಒಂದೇ ಸಲಕ್ಕೆ ಎಲ್ಲರಿಗೂ ತಲೆನೋವು, ಓಕರಿಕೆ, ಮಂಕು ಬಂದರೆ ಮೊದಲು ಹೊರಗೆ ಬನ್ನಿ, ಆಮೇಲೆ ಕಾರಣ ಹುಡುಕಿ.

ಹೊಗೆ ನಿಂತರೆ ಅಪಾಯ ಮುಗಿಯಿತು ಅಂತ ನಾವು ತಿಳಿದಿದ್ದೆವು. ಕೆಂಡದಲ್ಲಿ ಹೊಗೆ ಇರುವುದಿಲ್ಲ, ಈ ಅನಿಲ ಮಾತ್ರ ಧಾರಾಳವಾಗಿ ಬರುತ್ತಿರುತ್ತದೆ. ಮನೆಗೆ ಬಂದು ಹೇಳಿದಾಗ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮ ಕಾಲದಲ್ಲಿ ಬಾಣಂತಿ ಮಂಚದ ಕೆಳಗೇ ಕೆಂಡದ ಅಗ್ಗಿಷ್ಟಿಕೆ ಇಡ್ತಿದ್ವಲ್ಲೇ. ಹೆಂಚಿನ ಸಂದೀಲಿ ಆಕಾಶ ಕಾಣ್ತಿತ್ತು, ಅದಕ್ಕೇ ಉಳ್ಕೊಂಡ್ವಿ ಅಂತ ಕಾಣುತ್ತೆ” ಅಂದರು. ಚಳಿಗೆ ಬಾಗಿಲು ಹಾಕಿ ಕೆಂಡ ಇಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನುವ ಸುದ್ದಿ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ. ಅಂಥದ್ದನ್ನು ಓದಿ ಪುಟ ತಿರುಗಿಸುತ್ತಿದ್ದೆ. ಈಗ ಆಗುವುದಿಲ್ಲ.

ಆ ವಾರವೇ ಎರಡು ಅಲಾರಂ ತರಿಸಿದೆವು. ಒಂದು ಹಾಲ್‌ಗೆ, ಒಂದು ಮಲಗುವ ಕೋಣೆಗೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 50 ಪಾಲು ಈ ಅನಿಲ ಒಂದು, ಒಂದೂವರೆ ಗಂಟೆ ನಿಂತರೆ ಕೂಗುತ್ತದೆ. 300 ಆದರೆ ಮೂರು ನಿಮಿಷದೊಳಗೆ ಕೂಗುತ್ತದೆ. ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡುವ ಕೆಲಸ ಮಗಳದ್ದು. ಅದರ ಆಯಸ್ಸು ಎಷ್ಟು ವರ್ಷ ಅಂತ ಹಿಂದೆ ಬರೆದಿರುತ್ತದೆ, ಆಮೇಲೆ ಹೊಸದು ತರಬೇಕು. ಚಿಮಣಿ ಗಂಟಲಿನ ತಗಡನ್ನು ಮಳೆಗಾಲ ಪೂರ್ತಿ ತಂತಿ ಕಟ್ಟಿ ತೆರೆದೇ ಇಡುತ್ತೇವೆ. ಹಾಲ್‌ನ ಗೋಡೆಯಲ್ಲಿ ಬುಡದ ಹತ್ತಿರ ಆರು ಇಂಚಿನ ಗಾಳಿಕಿಂಡಿ ಕೊರೆಸಿ ಜಾಲರಿ ಹಾಕಿಸಿದೆವು, ಯಾರೂ ಮರೆತು ಮುಚ್ಚುವ ಹಾಗಿಲ್ಲ. ಹಾಲ್‌ನಲ್ಲಿ ಮಲಗುವುದನ್ನೂ ಬಿಟ್ಟೆವು.

ಬೂದಿಯ ಬಗ್ಗೆ ಒಂದು ಮಾತು. ಮೇಲೆ ತಣ್ಣಗೆ ಕಂಡರೂ ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಮೊದಲ ವರ್ಷ ಪ್ಲಾಸ್ಟಿಕ್ ಬಕೆಟ್‌ಗೆ ತುಂಬಿ ಜಗಲಿಯಲ್ಲಿಟ್ಟಿದ್ದೆ. ಮಧ್ಯಾಹ್ನ ನೋಡಿದರೆ ಬಕೆಟ್‌ನ ತಳವೇ ಇರಲಿಲ್ಲ. ಪಕ್ಕದಲ್ಲಿ ಅಡಿಕೆ ಹಾಳೆಯ ಕಟ್ಟು ಇತ್ತು. ಈಗ ಮುಚ್ಚಳ ಇರುವ ತಗಡಿನ ಡಬ್ಬ, ಅದೂ ಅಂಗಳದಲ್ಲಿ ಕಲ್ಲಿನ ಮೇಲೆ. ವಾರ ಬಿಟ್ಟು ಬಾಳೆ ಬುಡಕ್ಕೆ, ತರಕಾರಿ ಮಡಿಗೆ ಹಾಕುತ್ತೇವೆ.

ಹೋದ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಮೇಸ್ತ್ರಿಯ ಮೊಮ್ಮಗ ಒಬ್ಬನೇ ಬಂದು ಬ್ರಷ್ ಎಳೆದ. ಅರ್ಧ ಬಕೆಟ್ ಮಸಿ ಬಿತ್ತು, ಎಲ್ಲ ಒಣ ಹುಡಿ. ಹೊಳೆಯುವುದು ಒಂದು ಚೂರೂ ಇರಲಿಲ್ಲ. ಮೇಸ್ತ್ರಿ ಜಗಲಿಯಲ್ಲಿ ಕೂತು ಆ ಹುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಸೌದೆ ಚೆನ್ನಾಗಿ ಒಣಗಿಸಿದ್ದೀರಿ” ಅಂದರು. ಮೇಲಿನ ಜಾಲರಿಗೆ ಒಂದು ಕಡೆ ತುಕ್ಕು ಹಿಡಿದಿದೆಯಂತೆ, ಜೂನ್‌ಗೆ ಮುಂಚೆ ಬದಲಿಸಬೇಕೆಂದು ಹುಡುಗ ಮೇಲಿಂದಲೇ ಕೂಗಿ ಹೇಳಿದ. ಸಂಜೆ ದೇವರಿಗೆ ಊದುಬತ್ತಿ ಬೆಳಗಿದ ಅತ್ತೆಯವರು ಅದನ್ನು ಹಿಡಿದುಕೊಂಡೇ ಬಂದು ಚಿಮಣಿ ಒಲೆಯ ಬಾಯಿಗೆ ಹಿಡಿದರು. ಹೊಗೆ ಮೇಲೆ ಹೋಯಿತು.